ಗಂಡಿನ ಕಡೆಯವನು

ಮೋನಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದು ತನ್ನ ಮೇಜಿನ ಮುಂದೆ ನಿಂತಾಗ ತಿರುಮಲೇಶನಿಗೆ ಮೊದಲು ಹೊಳೆದದ್ದು ಈ ಮನುಷ್ಯನಿಗೂ ಕಾಲುಗಳಿವೆ ಎಂಬುದು. ಎಗ್ಮೋರ್ ಸ್ಟೇಷನ್ನಿನ ಎದುರಿನ ಆ ಹೋಟೆಲಿನಲ್ಲಿ ವರ್ಷಗಟ್ಟಲೆ ಎರಡು ಹೊತ್ತೂ ಉಂಡಿದ್ದರೂ ಅವನು ಕಂಡದ್ದು ಯಜಮಾನರ ಸೊಂಟದಿಂದ ಮೇಲಿನ ಅರ್ಧವನ್ನು ಮಾತ್ರ: ಇಸ್ತ್ರಿ ಮಾಡಿದ ಜುಬ್ಬ, ಊದುಬತ್ತಿಯ ಹೊಗೆ, ಗಿರಾಕಿಯ ಮುಖ ನೋಡದೆಯೇ ಮುಂದೆ ಚಾಚುವ ಕೈ. ಈಗ ಇಡೀ ಮನುಷ್ಯ, ಪಂಚೆ ಚಪ್ಪಲಿಗಳ ಸಮೇತ, ತನ್ನ ಎಲೆಯ ಮೇಲೆ ಬಾಗಿ ನಿಂತಿದ್ದರು. ಬೈಯುವುದಕ್ಕೆ ಬಂದರೋ ಬೇಡುವುದಕ್ಕೆ ಬಂದರೋ ತಿಳಿಯದೆ ತಿರುಮಲೇಶ ಕಲಸಿದ ಅನ್ನವನ್ನೇ ಮತ್ತೆ ಕಲಸಿದ.

"ಮಾಷ್ಟ್ರೇ, ಊಟ ನಿಧಾನಕ್ಕೆ ಆಗ್ಲಿ, ಗಡಿಬಿಡಿ ಇಲ್ಲ. ಆದ ಮೇಲೆ ಒಮ್ಮೆ ಮನೆಗೆ ಬರ್ಬೇಕಿತ್ತು. ನಮ್ಮ ಮನೆಯವ್ಳಿಗೆ ನಿಮ್ಮತ್ರ ಎಂತದೋ ಕೇಳ್ಲಿಕ್ಕುಂಟಂತೆ. ಆ ಬಾವಿಯ ಹುಡುಗನ ವಿಷಯ."

ತಿರುಮಲೇಶ ವಿದ್ವಾಂಸನಿಗೆ ತಕ್ಕಂತೆ ನಿಧಾನವಾಗಿ ತಲೆಯಾಡಿಸಿದ. ಬಾವಿಯ ಹುಡುಗ ಇಲ್ಲಿಗೂ ಬಂದನೆ? ಬರದೆ ಏನು, ಮೋನಪ್ಪನವರ ಮಗಳು ಬೇಬಿ ತನ್ನ ಕ್ಲಾಸಿನ ಎರಡನೆಯ ಬೆಂಚಿನಲ್ಲೇ ಕೂರುತ್ತಾಳೆ. ಮೂರು ತಿಂಗಳು ಬೊಬ್ಬೆ ಹೊಡೆದರೂ ಒಂದು ಇಸವಿ ನೆನಪಿಡದ ಆ ಹುಡುಗಿ ಇದನ್ನು ಮಾತ್ರ ಒಂದಕ್ಷರ ಬಿಡದೆ ಮನೆಗೆ ಹೊತ್ತಿದ್ದಾಳೆ. ಸುತ್ತ ಭಾನುವಾರದ ಗಿರಾಕಿಗಳು ಉಣ್ಣುತ್ತಿದ್ದರು. ಪಕ್ಕದ ಮೇಜಿನಲ್ಲಿ ಇನ್ಶೂರೆನ್ಸ್ ಆಫೀಸಿನ ಗುಮಾಸ್ತರಿಬ್ಬರು ಸಾರು ನಮ್ಮೂರಿನ ಹಾಗಿಲ್ಲ ಎಂದು ವಾರವಾರದಂತೆ ಈ ವಾರವೂ ದೂರುತ್ತ ಮೂರನೆಯ ಸಲ ಹಾಕಿಸಿಕೊಳ್ಳುತ್ತಿದ್ದರು. ನಮ್ಮೂರು! ಈ ಮದ್ರಾಸಿನಲ್ಲಿ ಮದುವೆಯಾಗಿ, ಮಕ್ಕಳನ್ನು ಹೆತ್ತು, ಕೂದಲು ಉದುರಿಸಿಕೊಂಡು, ಒಂದು ದಿನವಾದರೂ ಇವರು ಈ ಊರನ್ನು ಕಣ್ಣೆತ್ತಿ ನೋಡಿದ್ದಾರೆಯೆ? ರೈಲಿನಲ್ಲಿ ಪಕ್ಕದವನ ಟ್ರಂಕಿನ ಮೇಲೆ ಕೂತವರ ಹಾಗೆ ಕೂತಿದ್ದಾರೆ ಅಷ್ಟೆ. ಹೀಗೆ ಅವರನ್ನು ಮನಸ್ಸಿನಲ್ಲಿ ಕಡಿದು ಹಾಕಿ ತಿರುಮಲೇಶನಿಗೆ ಸ್ವಲ್ಪ ಹಾಯೆನಿಸಿತು. ತಾನೂ ಹಾಗೆಯೇ ಕೂತಿದ್ದೇನೆ ಎಂಬುದನ್ನು ಅವನು ಮಜ್ಜಿಗೆಯ ಜೊತೆ ಕುಡಿದುಬಿಟ್ಟ.

ಊರಿನ ಚರಿತ್ರೆಯ ಈ ಪೀಡೆ ಶುರುವಾದದ್ದು ಶಂಕರನಾರಾಯಣರಿಂದ. ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ಆಜ್ಞೆ ಮಾಡುವುದಕ್ಕೆ ಮನೆಯಲ್ಲಿ ಹೆಂಡತಿಯೂ ಸಿಗದೆ, ಆತ ಕನ್ನಡ ಸಂಘದ ಶಾಲೆಗೆ ಕಾರ್ಯದರ್ಶಿಯಾಗಿ ವಕ್ಕರಿಸಿದ್ದರು. ಮೈಸೂರು ರಾಜ್ಯ ಒಂದಾದ ಮರುವರ್ಷದ ಸಭೆಯಲ್ಲಿ ಕೊರಳ ತುಂಬ ಹಾರ ಹಾಕಿಕೊಂಡು ಭಾಷಣ ಬಿಗಿದರು: ರಾಜ್ಯ ಒಂದಾಯಿತು, ನಾವು ಹೊರಗುಳಿದೆವು, ಆದ್ದರಿಂದ ನಮ್ಮ ಮಕ್ಕಳು ತಾವು ನಿಂತ ನೆಲದ ಚರಿತ್ರೆಯನ್ನಾದರೂ ಕನ್ನಡದಲ್ಲಿ ಕಲಿಯಬೇಕು. ಆ 'ಆದ್ದರಿಂದ' ಎಲ್ಲಿಂದ ಉದುರಿತು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ ಕೇಸರಿಬಾತಿಗೆ ಎದ್ದರು. ಮಾರನೆಯ ದಿನವೇ ಹುಕುಂ ಬಂತು. ಶುಕ್ರವಾರದ ಕೊನೆಯ ಪೀರಿಯಡ್ ಸ್ಥಳೀಯ ಚರಿತ್ರೆಗೆ. "ಕಥೆ ಹೇಳ್ದಂಗೆ ಹೇಳ್ಬೇಕು, ಮಿಸ್ಟರ್ ತಿರುಮಲೇಶ್. ಮಕ್ಕಳ ಕಣ್ಣಿಗೆ ಕಟ್ಟಬೇಕು. ನೀವು ಆನರ್ಸ್ ಮಾಡಿದೋರು, ನಿಮಗೆ ನಾನು ಹೇಳ್ಕೊಡೋದೇನು," ಎಂದು ಬೆನ್ನು ತಟ್ಟಿ, ಅರ್ಧ ಗಂಟೆ ಹೇಳಿಕೊಟ್ಟಿದ್ದರು.

ಆನರ್ಸ್ ಎಂದರೆ ಮೈಸೂರಿನಲ್ಲಿ ಎರಡನೆಯ ದರ್ಜೆ. ಕಾಲೇಜಿನ ಕೆಲಸ ಸಿಗದೆ, ಸಿಕ್ಕವರನ್ನೆಲ್ಲ ಮೂರ್ಖರೆಂದು ತೀರ್ಮಾನಿಸಿ, ತಿರುಮಲೇಶ ಮದ್ರಾಸಿನ ರೈಲು ಹತ್ತಿದ್ದ. ಎಗ್ಮೋರಿನಲ್ಲಿ ಸರ್ಕಾರದ ರೆಕಾರ್ಡ್ ಆಫೀಸು ಇದೆ, ಅಲ್ಲಿ ಸಂಶೋಧನೆ ಮಾಡುತ್ತೇನೆ ಎಂದು ಊರಿಗೆ ಬರೆದಿದ್ದ. ಮೊದಮೊದಲು ಹೋದದ್ದೂ ನಿಜ. ಕಟ್ಟುಗಳ ಧೂಳಿಗೆ ಸೀನು ಬರುತ್ತಿತ್ತು, ಸೀನಿದಾಗ ಎದುರಿಗೆ ಕೂತ ಸಂಶೋಧಕರೆಲ್ಲ ತಲೆಯೆತ್ತಿ ನೋಡುತ್ತಿದ್ದರು, ಆಮೇಲೆ ಫ್ಯಾನಿನ ಕೆಳಗೆ ನಿದ್ದೆ ಬರುತ್ತಿತ್ತು. ಹೋಗುವುದನ್ನು ಬಿಟ್ಟ. ಬರೆಯುವುದನ್ನು ಬಿಡಲಿಲ್ಲ, ಈಗಲೂ ಮನೆಯವರಿಗೆ ಅವನ ಸಂಶೋಧನೆ ಸಾಗಿಯೇ ಇದೆ. ಅಂಥವನು ಶುಕ್ರವಾರದ ಸೆಕೆಯಲ್ಲಿ, ತಗಡಿನ ಮಾಡಿನ ಕೆಳಗೆ, ಈಗ ಪ್ಲಾಟ್‌ಫಾರಂ ಇರುವಲ್ಲಿ ಗದ್ದೆಗಳಿದ್ದವು ಎಂದು ಹೇಳಿದ. ಇದು ಹಳ್ಳಿಯಾಗಿತ್ತು, ಕಂಪನಿಯವರು ಕೊಂಡರು ಎಂದು ಹೇಳಿದ. ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟರು. "ಇದು ಪರೀಕ್ಷೆಗೆ ವರುಮಾ ಸಾರ್?" ಎಂದೊಬ್ಬ ಕೇಳಿದ; ಬರುವುದಿಲ್ಲ ಎಂದು ತಿಳಿದ ಮೇಲೆ ಎಚ್ಚರವಿದ್ದವರೂ ಮಲಗಿದರು. ಒಂದು ಸಲ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಕಂಚಿನ ವಿಗ್ರಹಗಳ ಮುಂದೆ ನಿಂತು ಗಂಟಲು ಹರಿಯುವಂತೆ ಮಾತಾಡಿದ. ತಿರುಗಿ ನೋಡಿದರೆ ಮಕ್ಕಳೆಲ್ಲ ಹೊರಗಿನ ಐಸ್ ಗಾಡಿಯ ಹತ್ತಿರ. ಕಾವಲುಗಾರನೊಬ್ಬ ಮಾತ್ರ ಸ್ಟೂಲಿನ ಮೇಲೆ ಕೂತು ಇವನನ್ನು ಮರುಕದಿಂದ ನೋಡುತ್ತಿದ್ದ. ಮರುಕ! ಅದೊಂದು ನೋಟ ತಿರುಮಲೇಶನನ್ನು ವಾರಗಟ್ಟಲೆ ಚುಚ್ಚಿತು.

ಬಾವಿಯ ಹುಡುಗ ಹುಟ್ಟಿದ್ದು ಸಿಟ್ಟಿನಿಂದ. ರಜೆ ಕಳೆದು ಶಾಲೆ ತೆರೆದ ಮೇಲಿನ ಒಂದು ಶುಕ್ರವಾರ, ಅವನ ಮಾತಿನ ನಡುವೆ ಯಾರೋ ಗೊರಕೆಯ ಅಣಕು ಮಾಡಿದರು, ಇಡೀ ಕ್ಲಾಸು ಕಿಸಿಕಿಸಿ ನಕ್ಕಿತು. ಕಿಟಕಿಯಾಚೆ, ಮೋನಪ್ಪನವರ ಹೋಟೆಲಿನ ಹಿಂದಿನ ಓಣಿಯ ತುದಿಯಲ್ಲಿ, ಚಪ್ಪಡಿ ಮುಚ್ಚಿದ ಹಳೆಯ ಬಾವಿಯೊಂದಿತ್ತು. ನಲ್ಲಿ ಬಂದ ಮೇಲೆ, ಸೊಳ್ಳೆ ಹೆಚ್ಚುತ್ತದೆಂದು ಕಾರ್ಪೊರೇಷನ್ನಿನವರು ಮುಚ್ಚಿದ್ದು. "ಆ ಬಾವಿ ಯಾಕೆ ಮುಚ್ಚಿದ್ದಾರೆ ಗೊತ್ತೇನ್ರೋ?" ಎಂದ ತಿರುಮಲೇಶ ಹಲ್ಲು ಕಚ್ಚಿ. "ಅದರೊಳಗೆ ಒಬ್ಬ ಇದ್ದಾನೆ."

ತಲೆಗಳು ಎದ್ದವು. ಒಂದಾದ ಮೇಲೊಂದು, ಎಲ್ಲ ತಲೆಗಳೂ. ಆಮೇಲೆ ಬಾಯಿಗೆ ಬಂದದ್ದೆಲ್ಲ ಚರಿತ್ರೆಯಾಯಿತು. ಸ್ಟೇಷನ್ ಕಟ್ಟುತ್ತಿದ್ದ ಕಾಲ. ಕಲ್ಲುಕೆಲಸದವರಿಗೆ ಗಂಜಿ ಬೇಯಿಸುವುದಕ್ಕೆ ಕರಾವಳಿಯಿಂದ ಘಟ್ಟ ಹತ್ತಿ ಇಳಿದು ನಡೆದು ಬಂದ ಚಂದು ಎಂಬ ಹುಡುಗ. ಮೈಸೂರಿನವನನ್ನು ಮಾಡಿದರೆ ಇನ್ಶೂರೆನ್ಸಿನವರ ಮಕ್ಕಳಷ್ಟೇ ಕೇಳಿಯಾರು, ಹೋಟೆಲಿನವರ ಮಕ್ಕಳೇ ಹೆಚ್ಚು ಎಂಬ ಲೆಕ್ಕಾಚಾರ ಆ ಸಿಟ್ಟಿನಲ್ಲೂ ಅವನಿಗಿತ್ತು. ಚಂದು ನೀರು ಸೇದುವಾಗ ಹಾಡುತ್ತಿದ್ದ. ಒಂದು ಮಧ್ಯಾಹ್ನ ಕಲ್ಲು ಹೊರುವವಳ ಕೂಸು ಬಾವಿಗೆ ಬಿತ್ತು. ಚಂದು ಹಾರಿದ, ಕೂಸನ್ನು ಕೊಡದೊಳಗೆ ಕೂರಿಸಿದ, ಮೇಲಿನವರು ಎಳೆದುಕೊಂಡರು. ಕೂಸು ಉಳಿಯಿತೆಂಬ ಸಂಭ್ರಮದಲ್ಲಿ ಎಲ್ಲರೂ ಅದನ್ನು ಎತ್ತಿ ಮುದ್ದಾಡುತ್ತ ಹಗ್ಗ ಮತ್ತೆ ಇಳಿಸುವುದನ್ನೇ ಮರೆತರು. ನೆನಪಾಗಿ ಇಳಿಸಿದಾಗ ಅದನ್ನು ಹಿಡಿಯುವ ಕೈ ಇರಲಿಲ್ಲ. ಹೇಳುತ್ತ ಹೇಳುತ್ತ ತಿರುಮಲೇಶನಿಗೆ ತನ್ನ ಬಗ್ಗೆ ಅಸಹ್ಯವಾಯಿತು: ಇಂಥ ಅಗ್ಗದ ಗೋಳು, ಕಂಪನಿ ನಾಟಕದವರೂ ನಾಚಿಯಾರು. ಆದರೆ ಕ್ಲಾಸಿನಲ್ಲಿ ಉಸಿರಿನ ಸದ್ದಿಲ್ಲ. ಬೇಬಿಯ ಬಾಯಿ ತೆರೆದೇ ಇತ್ತು. "ಅಪ್ಪುರಂ ಎನ್ನ ಆಚ್ಚು ಸಾರ್?" ಆಮೇಲೆ ಏನಾಯಿತು ಎಂದು ಜೀವಮಾನದಲ್ಲಿ ಮೊದಲ ಸಲ ಯಾರೋ ಅವನನ್ನು ಕೇಳಿದ್ದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆ ಸಂಜೆ ಸಮುದ್ರದ ದಂಡೆಯವರೆಗೆ ನಡೆದು ಹೋಗಿ ಒಬ್ಬನೇ ಕೂತು, ಸುಖವೆಂದರೆ ಇದೇ ಇರಬೇಕು ಎಂದುಕೊಂಡಿದ್ದ.

ಆ ಸುಖ ಉಳಿದದ್ದು ಸೋಮವಾರದವರೆಗೆ. ಚಪ್ಪಡಿಯ ಮೇಲೆ ಮಕ್ಕಳು ಮಲ್ಲಿಗೆ ಇಟ್ಟಿದ್ದರು. ಸುದ್ದಿ ಕೇಳಿ ಶಂಕರನಾರಾಯಣ ಬಂದು, ಚಪ್ಪಡಿಯ ಮುಂದೆ ಚಪ್ಪಲಿ ಕಳಚಿ ನಿಂತು, ಕಣ್ಣು ಅರೆಮುಚ್ಚಿ ಹೇಳಿದರು: "ಈ ವಿಚಾರ ನಮ್ಮ ತಂದೆಯೋರು ಹೇಳ್ತಿದ್ರು ಕಣ್ರೀ. ನಾನು ಚಿಕ್ಕೋನಿದ್ದಾಗ ಕೇಳಿದ್ದು, ಈಗ ನೋಡಿ, ಹಾಗೇ ನೆನಪಿಗೆ ಬಂತು. ನಿಮಗೆ ಎಲ್ಲಿ ಸಿಕ್ತು? ರೆಕಾರ್ಡ್ ಆಫೀಸ್ನಲ್ಲಾ?" ತಿರುಮಲೇಶ ಬಾಯಿ ತೆರೆದ. "ಹೌದು ಸಾರ್," ಎಂದ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅದೂ ಒಂದು ಕಾರಣ. ಆದರೆ ಆ ರಾತ್ರಿ ಚಾಪೆಯ ಮೇಲೆ ಹೊರಳುತ್ತಿದ್ದವನನ್ನು ಸುಟ್ಟದ್ದು ಸುಳ್ಳು ಹೇಳಿದೆನೆಂಬ ಪಾಪಭೀತಿಯಲ್ಲ. ಈ ಜನ್ಮದಲ್ಲಿ ತಾನೊಬ್ಬ ಮನುಷ್ಯನನ್ನು ಮಾಡಿದ್ದೆ, ಆ ಒಬ್ಬನನ್ನೂ ಈ ಬೊಜ್ಜುಹೊಟ್ಟೆಯವನ ಸತ್ತ ಅಪ್ಪ ಕಸಿದುಕೊಂಡ ಎಂಬ ಉರಿ. ಚಂದುವನ್ನು ಕಟ್ಟಿದವನು ನಾನು ಎಂದು ಯಾರೆದುರಿಗಾದರೂ ಒಮ್ಮೆ ಹೇಳಬೇಕು. ತಪ್ಪೊಪ್ಪಿಕೊಂಡಂತೆ ಅಲ್ಲ, ಹೊಲದ ಮಾಲೀಕ ಬೇಲಿಯ ಹತ್ತಿರ ನಿಂತು ಹೇಳುವ ಹಾಗೆ. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ತಾನು ಬರಿಯ ಟಪಾಲಿನವನು. ಅಂದಿನಿಂದ ಈ ಭಾನುವಾರದವರೆಗೂ ಅವನು ಅನ್ನದ ಜೊತೆ ನುಂಗುತ್ತಿದ್ದದ್ದು ಇದನ್ನೇ.

ಕೈ ತೊಳೆದು ಬಂದಾಗ ಮೋನಪ್ಪನವರು ಬಾಗಿಲಲ್ಲೇ ಕಾದಿದ್ದರು, ಕೊಡೆ ಬಿಚ್ಚಿಕೊಂಡು. ಬಿಸಿಲಿಗೆ ಇಬ್ಬರೂ ಒಂದೇ ಕೊಡೆಯ ಕೆಳಗೆ, ಭುಜ ತಾಗಿಸಿಕೊಂಡು, ಹೋಟೆಲಿನ ಹಿಂದಿನ ಓಣಿಯಲ್ಲಿ ನಡೆದರು. ಮುಸುರೆಯ ವಾಸನೆ, ಕಾಫಿಪುಡಿಯ ವಾಸನೆ. ಏನು ಕೇಳಬಹುದು? ಹೋಟೆಲಿನ ಹಿಂದೆ ಹೆಣವಿದೆ ಎಂದು ಮಕ್ಕಳಿಗೆ ಹೇಳಿದ್ದೀರಿ, ಗಿರಾಕಿಗಳು ಬರುತ್ತಾರೆಯೆ ಎಂದು ಜಗಳಕ್ಕೆ ನಿಲ್ಲಬಹುದು. ಹಾಗಾದರೆ ಇವತ್ತೇ ಹೇಳಿಬಿಡುತ್ತೇನೆ ಎಂದುಕೊಂಡ. ಬಾವಿಯ ಹತ್ತಿರ ಬಂದಾಗ ಮೋನಪ್ಪನವರು ನಿಂತು, ಕೊಡೆ ಇವನ ಕೈಗೆ ಕೊಟ್ಟು, ಮದುವೆಮನೆಯಲ್ಲಿ ಹಿರಿಯರಿಗೆ ಮಾಡುವಂತೆ ಚಪ್ಪಡಿಗೆ ಕೈ ಮುಗಿದರು. ಅಡುಗೆ ಭಟ್ಟರ ಮಟ್ಟದ ಭಕ್ತಿ ಎಂದು ತಿರುಮಲೇಶ ಮನಸ್ಸಿನಲ್ಲೇ ಮೂಗು ಮುರಿದ. ಕೊಡೆ ಹಿಡಿದು ನಿಂತವನು ತಾನು ಎಂಬುದು ಆಮೇಲೆ ಹೊಳೆದು ಇನ್ನಷ್ಟು ಸಿಟ್ಟು ಬಂತು.

ಮನೆಯಲ್ಲಿ ಅವನಿಗೆ ಕುರ್ಚಿ ಹಾಕಿ, ಕುರ್ಚಿಯ ಮೇಲೆ ಮಡಿಸಿದ ಹೊಸ ಟವೆಲು ಹಾಸಿದ್ದರು. ಕೂರುತ್ತಿದ್ದಂತೆ ಬೆಲ್ಲ, ನೀರು ಬಂತು. ಹಿಂದೆಯೇ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ. ಹೋಟೆಲಿನಲ್ಲಿ ಇವನು ಇನ್ನೊಂದು ಹಪ್ಪಳ ಕೇಳಿದರೆ ಕಿವುಡರಾಗುವ ಜನ! ಮೋನಪ್ಪನವರ ಹೆಂಡತಿ ಸರಸ ಒಳಬಾಗಿಲ ಹತ್ತಿರ ಮಣೆಯ ಮೇಲೆ ಕೂತರು. ತೆಳ್ಳಗಿನ, ಎಲುಬು ಕಾಣುವ ಹೆಂಗಸು. ಮಾತಾಡುವ ಮೊದಲು ಸೆರಗನ್ನು ಎರಡು ಸಲ ಸರಿಮಾಡಿಕೊಂಡರು.

"ಬೇಬಿಗೆ ಒಬ್ಳು ಅಕ್ಕ ಇದ್ದಾಳೆ ಮಾಷ್ಟ್ರೇ. ಸುಮತಿ ಅಂತ. ನಮಗೆ ದೊಡ್ಡವಳು."

"ಓಹೋ," ಎಂದ ತಿರುಮಲೇಶ. ಇಷ್ಟು ವರ್ಷಗಳಲ್ಲಿ ಆ ಹುಡುಗಿಯನ್ನು ಅವನು ಕಂಡಿರಲಿಲ್ಲ. ಊರಲ್ಲಿ ಅಜ್ಜಿಯ ಹತ್ತಿರ ಇರಬೇಕು.

"ಇಪ್ಪತ್ತು ತುಂಬಿತು. ಊರಲ್ಲಿ ಎಷ್ಟೋ ಕಡೆ ನೋಡಿದ್ದಾಯ್ತು. ಒಂದೂ ಕೂಡಿ ಬರ್ಲಿಲ್ಲ. ಒಂದು ಕಡೆ ಬರಿ ಒಂದೇ ಆಯ್ತು; ಬರಿ ಅಂದ್ರೆ ನಿಮ್ಮಲ್ಲಿ ಗೋತ್ರ ಉಂಟಲ್ಲ, ಹಾಗೆ. ಮತ್ತೆ ಕೆಲವ್ರು ಮದ್ರಾಸಿನ ಹುಡುಗಿ ಅಂದ ಕೂಡ್ಲೇ ಹಿಂದೆ ಸರೀತಾರೆ." ಸರಸ ನೆಲ ನೋಡಿದರು. "ನಾವು ಬಾಯಿಬಿಟ್ಟು ಕೇಳ್ಬಾರ್ದು, ಹೆಣ್ಣಿನ ಕಡೆಯವ್ರು. ಆದ್ರೆ ಈಗ ನಿಮ್ಮನ್ನು ಬಿಟ್ರೆ ನಮಗೆ ಬೇರೆ ದಾರಿ ಇಲ್ಲ."

ತಿರುಮಲೇಶನ ಕೈ ತಾನಾಗಿ ಕಾಲರಿಗೆ ಹೋಯಿತು. ಅದು ಹರಿದಿತ್ತು. ಹೀಗೋ ವಿಷಯ! ಬೆಲ್ಲ, ಟವೆಲು, ಕೊಡೆ ಎಲ್ಲ ಥಟ್ಟನೆ ಅರ್ಥವಾಯಿತು. ಇವರ ಜಾತಿ ಬೇರೆ, ಮಾತು ಬೇರೆ, ಊರಲ್ಲಿ ಅಮ್ಮ ಬಾವಿಗೆ ಹಾರುತ್ತಾಳೆ. ಆದರೂ ವಿದ್ಯೆಗೆ ಒಂದು ಬೆಲೆ ಇದೆ ಎಂದು ಇವರಿಗಾದರೂ ತಿಳಿಯಿತಲ್ಲ. ಒಂದು ಗಳಿಗೆ ತನ್ನನ್ನು ಗಲ್ಲಾದ ಹಿಂದೆ ಕಲ್ಪಿಸಿಕೊಂಡ. ಸೊಂಟದ ಮೇಲಿನ ಅರ್ಧ, ಇಸ್ತ್ರಿ ಜುಬ್ಬ. ಛೀ ಎನಿಸಿತು. ಛೀ ಎಂದುಕೊಂಡೇ ಇನ್ನೊಂದು ಗಳಿಗೆ ಕಲ್ಪಿಸಿಕೊಂಡ. ಕಾಣದ ಆ ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿರಬಹುದೆಂದು ಹೊಟ್ಟೆ ಒಳಕ್ಕೆ ಎಳೆದುಕೊಂಡು ನೆಟ್ಟಗೆ ಕೂತ.

"ನನಗೇನೋ... ಅಂಥ ಅಭ್ಯಂತರ ಇಲ್ಲ," ಎಂದ, ಉದಾರವಾಗಿ. "ಆದರೆ ನಮ್ಮ ಮನೇಲೂ ಒಂದು ಮಾತು ಕೇಳ್ಬೇಕಾಗತ್ತೆ."

"ನಿಮ್ಮ ಮನೆಯಲ್ಲಾ?" ಮೋನಪ್ಪನವರು ಅಚ್ಚರಿಯಿಂದ ಮುಂದೆ ಬಾಗಿದರು. "ಚಂದು ನಿಮ್ಮ ಮನೆಯವ್ರಿಗೆ ಸಂಬಂಧವಾ ಮಾಷ್ಟ್ರೇ?"

ತಿರುಮಲೇಶ ಒಳಕ್ಕೆ ಎಳೆದುಕೊಂಡಿದ್ದ ಹೊಟ್ಟೆಯನ್ನು ಮೆಲ್ಲಗೆ ಬಿಟ್ಟ. ಮೋನಪ್ಪನವರು ಹೇಳುತ್ತಿದ್ದರು. ಸುಮತಿ ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಈ ಮನೆಯಲ್ಲೇ ಹೋದದ್ದು, ಆಗ ಬೇಬಿ ಹುಟ್ಟಿರಲಿಲ್ಲ. "ನಮ್ಮಲ್ಲಿ ಸತ್ತ ಮಕ್ಕಳೂ ಬೆಳೀತಾರೆ. ಪ್ರಾಯಕ್ಕೆ ಬಂದ ಮೇಲೆ ಅವ್ರಿಗೂ ಒಂದು ಮದುವೆ ಆಗ್ಬೇಕು. ಸತ್ತ ಹುಡುಗಿಗೆ ಸತ್ತ ಹುಡುಗ. ಎರಡು ಕಡೆಯವ್ರೂ ಕೂತು, ಮಾತುಕತೆ ಆಗಿ, ಸೀರೆ ಪಂಚೆ ಇಟ್ಟು ಧಾರೆ ಎರೆದು, ಊಟ ಹಾಕಿ. ಈಗ ಆಟಿ ತಿಂಗ್ಳು, ಬದುಕಿದವ್ರ ಮದುವೆ ಇಲ್ಲ, ಅವ್ರದ್ದು ಇದರಲ್ಲೇ. ಹುಡುಗ ನಮ್ಮ ಕಡೆಯವ, ಮದುವೆ ಆಗಿರ್ಲಿಲ್ಲ, ಇಲ್ಲೇ ಹತ್ರ ಅಂತ ಬೇಬಿ ಹೇಳಿದ್ಳು. ಅವನಿಗೆ ಅಂತ ಇಲ್ಲಿ ಯಾರೂ ಇಲ್ಲ. ಅವನನ್ನು ಬಲ್ಲವ್ರು ಅಂದ್ರೆ ನೀವೊಬ್ರೇ. ಗಂಡಿನ ಕಡೆಯಿಂದ ನೀವು ಕೂತ್ಕೊಳ್ಬೇಕು."

ಅವಮಾನವಿಳಿಯಲು ಒಂದಿಷ್ಟು ಹೊತ್ತು ಬೇಕಾಯಿತು. ತನ್ನನ್ನು ಬಿಟ್ಟು ಸತ್ತವನನ್ನು ಆರಿಸಿದ್ದಾರೆ. ಸತ್ತವನೂ ಅಲ್ಲ, ಹುಟ್ಟೇ ಇಲ್ಲದವನನ್ನು. ನಗು ಬರಬೇಕಿತ್ತು. ನಕ್ಕುಬಿಡುತ್ತೇನೆ ಎಂದುಕೊಂಡಾಗ ಕೆಳಗಿನಿಂದ ಬೇರೆಯದೇ ಒಂದು ಉಬ್ಬಿ ಬಂತು. ತಾನು ಸಿಟ್ಟಿನಲ್ಲಿ, ಕಿಟಕಿಯಾಚೆ ನೋಡುತ್ತ, ಗಳಿಗೆಯಲ್ಲಿ ಕಟ್ಟಿದ ಹುಡುಗನಿಗೆ ಜನ ಹೆಣ್ಣು ಕೊಡಲು ಬಂದಿದ್ದಾರೆ! ಯಾವ ಪಂಡಿತನಿಗೆ, ಯಾವ ಪ್ರೊಫೆಸರಿಗೆ ಇಂಥ ಪ್ರಶಸ್ತಿ ಸಿಕ್ಕಿದೆ? ಶಂಕರನಾರಾಯಣ ತನ್ನ ಅಪ್ಪನನ್ನು ಎಳೆದು ತರುವ ಮುಂಚೆ, ಇಲ್ಲಿ, ಈಗ, ಇವರೆದುರಿಗೆ ಹೇಳಬೇಕು. ಇವರು ಬೆರಗಾಗಬೇಕು. ಎಂಥ ತಲೆ ನಿಮ್ಮದು ಎನ್ನಬೇಕು. ನೌಕರಿ ಹೋಗುವುದಾದರೆ ಹೋಗಲಿ.

"ಕೇಳಿ ಅಮ್ಮ," ಎಂದ. ಗಂಟಲು ಸರಿಮಾಡಿಕೊಂಡ. "ಚಂದು ಅಂತ ಯಾರೂ ಇರ್ಲಿಲ್ಲ. ಅವನನ್ನ ನಾನೇ ಮಾಡಿದ್ದು. ಹೆಸರು, ಹಾಡು, ಕೊಡ, ಹಗ್ಗ, ಎಲ್ಲ ನಂದೇ ಕಲ್ಪನೆ. ಅಂಥ ಹುಡುಗ ಹುಟ್ಟೇ ಇಲ್ಲ."

ಹೇಳಿ, ಕಾದ. ಮೋನಪ್ಪನವರು ಹೆಂಡತಿಯ ಮುಖ ನೋಡಿದರು. ಸರಸರ ಮುಖದಲ್ಲಿ ಬೆರಗೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದೂರದಿಂದ ಬಸ್ಸು ಹಿಡಿದು ಬಂದು, ಯಾರೋ ಹೇಳಿದ ಮನೆಗೆ ಬೀಗ ಹಾಕಿರುವುದನ್ನು ಕಂಡವರ ಆಯಾಸ ಮಾತ್ರ ಇತ್ತು. ಅವರು ಮೆಲ್ಲಗೆ ತಲೆಯಾಡಿಸಿದರು.

"ಎಲ್ರೂ ಹೀಗೇ ಎಂತಾದ್ರೂ ಒಂದು ಹೇಳ್ತಾರೆ ಮಾಷ್ಟ್ರೇ. ಒಬ್ರು ಈಗ ಅದನ್ನೆಲ್ಲ ನಾವು ಮಾಡುವುದಿಲ್ಲ ಅಂದ್ರು. ಇನ್ನೊಬ್ರು ನಮ್ಮ ಹುಡುಗನಿಗೆ ಬೇರೆ ಕಡೆ ಮಾತು ಕೊಟ್ಟಾಯ್ತು ಅಂದ್ರು. ಪಡುಮನೆಯವ್ರಂತೂ ಸತ್ತ ಹುಡುಗನೇ ಸತ್ತಿಲ್ಲ, ಬೊಂಬಾಯಿಯಲ್ಲಿ ಎಲ್ಲೋ ಇದ್ದಾನೆ ಅಂತ ಹೇಳಿ ಬಾಗಿಲು ಹಾಕಿದ್ರು. ಈಗ ನೀವು ಹುಟ್ಲೇ ಇಲ್ಲ ಅಂತೀರಿ."

"ಇಲ್ಲ ಇಲ್ಲ, ನಾನು ನಿಜ ಹೇಳ್ತಿರೋದು..."

"ಸಂಬಂಧ ಬೇಡ ಅಂದ್ರೆ ಬೇಡ ಅಂತ ನೇರ ಹೇಳಿ. ನಮಗೆ ಅಭ್ಯಾಸ ಉಂಟು." ದನಿ ಏರಲಿಲ್ಲ. "ಆದ್ರೆ ಹುಡುಗಿಯನ್ನು ನೋಡದೆ ಬೇಡ ಅನ್ಬೇಡಿ. ಬಂದವ್ರು ಯಾರೂ ಅವಳನ್ನು ನೋಡ್ಲೇ ಇಲ್ಲ. ನೋಡಿ ಹೇಳಿದ್ರೆ ಆಗ ನಾನು ಸುಮ್ಮನೆ ಇರ್ತೇನೆ."

ಬೇಬಿ ಒಳಗಿನಿಂದ ಬಂದಳು. ಕ್ಲಾಸಿನಲ್ಲಿ ಬೆಂಚು ಹಾರಿ ಓಡುವ ಹುಡುಗಿ, ಈಗ ರೇಷ್ಮೆ ಲಂಗ ಉಟ್ಟು, ಕಣ್ಣು ಕೆಳಗೆ ಹಾಕಿ, ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತಿದ್ದಳು. ಹೆಣ್ಣು ತೋರಿಸುವಾಗ ಹೀಗೆ ನಡೆಯಬೇಕೆಂದು ಹೇಳಿಕೊಟ್ಟಿರಬೇಕು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಟ್ಟು ಹಾಕಿದ ಫೋಟೋ, ಪಕ್ಕದಲ್ಲಿ ಹೂವು. ತಟ್ಟೆಯನ್ನು ತಿರುಮಲೇಶನ ಕಾಲ ಬಳಿಯ ಸ್ಟೂಲಿನ ಮೇಲಿಟ್ಟು, ಫೋಟೋವನ್ನು ಅವನ ಕಡೆಗೆ ತಿರುಗಿಸಿ, ಅಮ್ಮನ ಹಿಂದೆ ಹೋಗಿ ನಿಂತಳು.

ಸ್ಟುಡಿಯೋದಲ್ಲಿ ತೆಗೆಸಿದ್ದು. ರಟ್ಟಿನ ಕಂಬದ ಪಕ್ಕದಲ್ಲಿ ಒಂದು ಕಪ್ಪು ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ, ಬೆಳಕಿಗೆ ಕಿರಿದಾದ ಕಣ್ಣು. ಮುಂದಿನ ಹಲ್ಲೊಂದಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು. ಬೆರಳುಗಳ ಗಂಟು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ.

"ಆ ಕೈಯಲ್ಲಿ ಅವಲಕ್ಕಿ," ಎಂದರು ಸರಸ. "ಬಿಡು ಬಿಡು ಅಂತ ಎಷ್ಟು ಹೇಳಿದ್ರೂ ಬಿಡ್ಲೇ ಇಲ್ಲ. ಫೋಟೋದವ್ರು ಬೈದ್ರು. ಇದು ಆಗಿನದ್ದು. ಈಗ ಉದ್ದ ಆಗಿರ್ತಾಳೆ. ನನ್ನ ತಂಗಿಯ ಅಳತೆ ಇರ್ಬಹುದು. ಹಲ್ಲು ಬಂದಿರ್ತದೆ. ಬಣ್ಣ ಸ್ವಲ್ಪ ಕಡಿಮೆ, ಸುಳ್ಳು ಹೇಳುವುದಿಲ್ಲ. ಕೆಲಸಕ್ಕೆ ಚುರುಕು. ಅಲ್ಲಿ ಎಲ್ರಿಗೂ ಒಂದೊಂದು ಮನೆ ಇರ್ತದೆ ಮಾಷ್ಟ್ರೇ, ಇವಳು ಒಬ್ಳೇ ಯಾರದ್ದೋ ಅಂಗಳದಲ್ಲಿ ನಿಂತ ಹಾಗೆ ನನಗೆ ಕಾಣ್ತದೆ."

ತಿರುಮಲೇಶ ತನ್ನ ತಾತ್ಸಾರಕ್ಕಾಗಿ ಒಳಗೆ ತಡಕಾಡಿದ. ಮೂಢನಂಬಿಕೆ ಎಂಬ ಪದ ಇತ್ತು, ಅದನ್ನು ಎತ್ತಿಕೊಂಡ. ಅದು ಆ ಮುಷ್ಟಿಯ ಮುಂದೆ ಬಾಯಿಂದ ಹೊರಡಲಿಲ್ಲ. ಮದ್ರಾಸಿನ ಚರಿತ್ರೆ ಎಂದು ತಾನು ಹಳ್ಳಿ, ಕಂಪನಿ, ಪ್ಲಾಟ್‌ಫಾರಂ ಎಂದೆಲ್ಲ ಒದರಿದ್ದೆ. ತಾನು ದಿನಾ ಉಣ್ಣುವ ಎಲೆಯಿಂದ ನೂರು ಮಾರು ದೂರದಲ್ಲಿ ಈ ಮಗು ಸತ್ತಿತ್ತು. ತನಗೆ ಗೊತ್ತಿರಲಿಲ್ಲ, ತಾನು ಕೇಳಿಯೂ ಇರಲಿಲ್ಲ. ಇವರ ಎದುರಿಗೆ ಕೂತು ಹೊಗಳಿಕೆಗೆ ಕಾದಿದ್ದೆ. ಅವನಿಗೆ ನಾಚಿಕೆಯಾಯಿತು. ಜನರೆದುರಿಗೆ ಸಿಕ್ಕಿಬಿದ್ದಾಗ ಆಗುವ, ಅವನಿಗೆ ಚೆನ್ನಾಗಿ ಪರಿಚಯವಿದ್ದ ನಾಚಿಕೆಯಲ್ಲ; ಇದನ್ನು ಯಾರೂ ನೋಡುತ್ತಿರಲಿಲ್ಲ. ಮೂವರೂ ಅವನ ಬಾಯಿಯನ್ನು ಮಾತ್ರ ನೋಡುತ್ತಿದ್ದರು. ಮತ್ತೊಮ್ಮೆ ಚಂದು ಇಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಇವರ ಕಿವಿಗೆ ಅದು ಕೇಳಿಸುವುದು ಒಂದೇ ರೀತಿಯಲ್ಲಿ: ನಿಮ್ಮ ಹುಡುಗಿ ನಮಗೆ ಬೇಡ.

ಅವನು ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೋಡಿದ. ನೋಡುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದ.

"ಹುಡುಗಿ ಒಪ್ಪಿಗೆ," ಎಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ನಮ್ಮ ಕಡೆಯಿಂದ ಒಪ್ಪಿಗೆ."

ಮೋನಪ್ಪನವರು ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡರು. ಅದರೊಳಗಿನಿಂದಲೇ ಕೇಳಿದರು: "ಬರಿ? ನಮ್ಮದೇ ಅಲ್ಲ ಅಲ್ವಾ ಮಾಷ್ಟ್ರೇ?"

"ಅಲ್ಲ," ಎಂದ ತಿರುಮಲೇಶ. ಇವರದು ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. "ಖಂಡಿತ ಅಲ್ಲ."

ಸರಸ ಮಣೆಯಿಂದ ಎದ್ದು ಹತ್ತಿರ ಬಂದರು. ಇಷ್ಟು ಹೊತ್ತು ಇದ್ದ ಬಿಗುಮಾನವೆಲ್ಲ ಹೋಗಿ, ಮಾತು ಪಕ್ಕಾ ಆದ ಮೇಲೆ ಹೆಣ್ಣು ಹೆತ್ತವಳಿಗೆ ಹುಟ್ಟುವ ಹೆದರಿಕೆ ಅವರ ಮುಖದಲ್ಲಿತ್ತು. ಗಂಡನಿಗೂ ಕೇಳಿಸದ ಹಾಗೆ ಪಿಸುಗುಟ್ಟಿದರು.

"ಹುಡುಗನ ಅಮ್ಮ ಹೇಗೆ ಮಾಷ್ಟ್ರೇ? ಜೋರಾ?"

ಚಂದುವಿಗೆ ಅವನು ಅಮ್ಮನನ್ನು ಮಾಡಿರಲಿಲ್ಲ. ಮಕ್ಕಳನ್ನು ಬೆಚ್ಚಿಬೀಳಿಸುವುದಕ್ಕೆ ಬಾವಿ ಸಾಕಾಗಿತ್ತು, ಅಮ್ಮ ಬೇಕಾಗಿರಲಿಲ್ಲ. ಈಗ ಅವಳನ್ನು ಎಲ್ಲಿಂದಲಾದರೂ ತರಬೇಕು. ಬಾಯಿಗೆ ಬಂದವಳನ್ನು ತರುವ ಹಾಗಿಲ್ಲ. ಒಂದು ಮಾತು ಹೆಚ್ಚುಕಡಿಮೆಯಾದರೆ ಆ ಹುಡುಗಿ ಕಾಲಕಾಲಕ್ಕೂ ಅದನ್ನು ಅನುಭವಿಸಬೇಕು. ಚರಿತ್ರೆಯನ್ನು ತಪ್ಪು ಹೇಳಿಬಿಟ್ಟೇನೆಂದು ತಿರುಮಲೇಶನಿಗೆ ಹಿಂದೆಂದೂ ಭಯವಾಗಿರಲಿಲ್ಲ.

"ಜೋರಲ್ಲ," ಎಂದ. ಅದು ಸಾಲದೆನಿಸಿತು. ಫೋಟೋ ನೋಡಿದ. "ಮಾತು ಕಮ್ಮಿ. ಮೊದಮೊದಲು ಬಿಗಿ ಅನ್ನಿಸಬಹುದು. ಆದರೆ ಮಕ್ಕಳು ಕೈಯಲ್ಲಿ ಏನು ಹಿಡ್ಕೊಂಡು ಬಂದ್ರೂ, ಬಿಡು ಅನ್ನೋರಲ್ಲ."

ಸರಸ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಗಂಡಿನ ಕಡೆಯವರು ಬಂದು ಇಷ್ಟು ಹೊತ್ತಾಯಿತು, ಒಂದು ಲೋಟ ಕಾಫಿಯಾದರೂ ಆಗಬೇಡವೇ ಎಂದು ಗಂಡನನ್ನು ಗದರುತ್ತ ಒಳಗೆ ಹೋದರು.